ಸ್ಟಾರ್ಟ್ ಆಗಿ ಆಫ್ ಆಗುವ ಕಾರು: ಹೊಸ ಪಂಪ್ ಹಾಕಿದ ಮೇಲೂ ಹೋಗದ ತೊಂದರೆ

ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ಇರುವ ಒಬ್ಬ ನಿವೃತ್ತ ಮಾಷ್ಟ್ರ ಕಾರಿನ ಕಥೆ ಇದು. 2014ರ ಸಣ್ಣ ಪೆಟ್ರೋಲ್ ಕಾರು, ಮೂರು ಸಿಲಿಂಡರ್, ಎಂಪಿಎಫ್‌ಐ (ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವ) ಎಂಜಿನ್, ಪೆಟ್ರೋಲ್ ಪಂಪ್ ಟ್ಯಾಂಕಿನ ಒಳಗೇ ಇದೆ. ಕಂಪನಿಯ ಹೆಸರು ಬೇಡ, ಯಾಕೆಂದರೆ ಈ ತೊಂದರೆ ಆ ಕಂಪನಿಯದ್ದಲ್ಲ. ನಮ್ಮ ಮಳೆಗೆ, ನಮ್ಮ ಮಣ್ಣಿನ ದಾರಿಗೆ ಯಾವ ಕಾರಿನಲ್ಲೂ ಬರಬಹುದಾದ್ದು. ನಾನು ಬದಿಯಡ್ಕ ಕಡೆ ವಾಹನಗಳ ವೈರಿಂಗ್ ಕೆಲಸ ಮಾಡುವವನು. ಈ ಒಂದು ಕೇಸನ್ನು ಪೂರ್ತಿ ಬರೆಯಬೇಕು ಅನಿಸಿದ್ದು, ಇದೇ ಲಕ್ಷಣಕ್ಕೆ ಜನ ಸುಮ್ನೆ ಒಂದೊಂದೇ ಸಾಮಾನು ಬದಲಿಸಿ ದುಡ್ಡು ಕಳೆದುಕೊಳ್ಳುವುದನ್ನು ನೋಡಿ ನೋಡಿ ಬೇಸರವಾಗಿದೆ.

ಆಟಿ ತಿಂಗಳು (ಜುಲೈ-ಆಗಸ್ಟ್ ಹೊತ್ತು), ಬಿಡದ ಮಳೆ. ಮಾಷ್ಟ್ರು ಫೋನಿನಲ್ಲಿ ಹೇಳಿದ್ದು ಇಷ್ಟು: "ಸೆಲ್ಫ್ ಹೊಡೆದ ಕೂಡಲೇ ಸ್ಟಾರ್ಟ್ ಆಗ್ತದೆ. ಐದಾರು ಸೆಕೆಂಡು ಚಂದ ಓಡ್ತದೆ. ಮತ್ತೆ ಗುರ್‌ಗುರ್ ಅಂತ ಆಫ್ ಆಗಿ ಹೋಗ್ತದೆ. ರೇಸ್ ಕೊಟ್ಟರೆ ಇನ್ನೂ ಬೇಗ ಆಫ್ ಆಗ್ತದೆ ಮಾರಾಯ, ಎಂತ ಮಾಡುದು?"

ಅದಕ್ಕಿಂತ ಮೊದಲು ಆಗಿದ್ದ ಕೆಲಸಗಳ ಪಟ್ಟಿ ದೊಡ್ಡದಿತ್ತು. ಬ್ಯಾಟರಿ ಹೊಸತು. ಪ್ಲಗ್ ಹೊಸತು, ಏರ್ ಫಿಲ್ಟರ್ ಹೊಸತು. ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿ ಬಿಚ್ಚಿ ಕ್ಲೀನ್ ಮಾಡಿದ್ದಾರೆ. ಕೊನೆಗೆ ಒಂದು ವರ್ಕ್‌ಶಾಪಿನಲ್ಲಿ "ಪಂಪ್ ಪೋಯಿ ಮಾಷೇ" (ಪಂಪ್ ಹೋಯಿತು ಮಾಷ್ಟ್ರೇ) ಎಂದು ಮಲಯಾಳದಲ್ಲಿ ಹೇಳಿ ಟ್ಯಾಂಕಿನ ಪಂಪನ್ನೇ ಬದಲಿಸಿದ್ದಾರೆ. ಅದು ಹಾಕಿದ ಮೇಲೆ ಕೆಲವು ದಿನ ಕಾರು ಚೆನ್ನಾಗಿ ಓಡಿದೆ. ಮತ್ತೆ ಅದೇ ಕಥೆ. ಹೊಸ ಪಂಪೂ ಹಾಳು, ಡುಪ್ಲಿಕೇಟ್ ಸಾಮಾನು ಇರಬೇಕು ಎಂದು ಈಗ ಮೂರನೆಯ ಪಂಪಿಗೆ ಮಾತು ನಡೆಯುತ್ತಿತ್ತು.

ನನಗೆ ಇದರಲ್ಲಿ ಮುಖ್ಯ ಅನಿಸಿದ್ದು ಆ 'ಕೆಲವು ದಿನ ಚೆನ್ನಾಗಿ ಓಡಿತು' ಅನ್ನುವ ಮಾತು. ಪಂಪ್ ಬದಲಿಸುವಾಗ ಪಂಪ್ ಮಾತ್ರ ಬದಲಾಗುವುದಿಲ್ಲ ಅಲ್ವಾ. ಹಿಂದಿನ ಸೀಟು ಎತ್ತುತ್ತಾರೆ, ಮ್ಯಾಟು ಸರಿಸುತ್ತಾರೆ, ಕನೆಕ್ಟರ್ ಎಳೆದು ಬಿಚ್ಚಿ ಮತ್ತೆ ಹಾಕುತ್ತಾರೆ, ವೈರು ಅಲುಗಾಡುತ್ತದೆ. ಹಾಗಾಗಿ ತಾತ್ಕಾಲಿಕವಾಗಿ ಸರಿಯಾದದ್ದು ಪಂಪಿನಿಂದಲೋ ಅಥವಾ ಆ ಅಲುಗಾಟದಿಂದಲೋ ಎಂದು ಕೇಳಿಕೊಳ್ಳಲೇ ಬೇಕು.

ಹೋದ ಕೂಡಲೇ ಬಾನೆಟ್ ಎತ್ತಲಿಲ್ಲ. ಮೊದಲು ಎಂಜಿನ್ ಹೇಗೆ ನಿಲ್ಲುತ್ತದೆ ಎಂದು ನೋಡಿದೆ, ಕೇಳಿದೆ. ಸ್ಟಾರ್ಟ್ ಆಗಿ ಆಫ್ ಆಗುವ ಕಾರಿನಲ್ಲಿ ಅರ್ಧ ಉತ್ತರ ಇರುವುದು ಅಲ್ಲೇ. ಕೀ ತಿರುಗಿಸಿ ಹಿಡಿದಿರುವಷ್ಟು ಹೊತ್ತು ಎಂಜಿನ್ ಓಡಿ, ಕೈಬಿಟ್ಟು ಕೀ 'ಆನ್'ಗೆ ಬಂದ ಕೂಡಲೇ ನಿಂತರೆ ಇಗ್ನಿಷನ್ ಸ್ವಿಚ್ಚಿನ ಒಳಗಿನ ಕಾಂಟ್ಯಾಕ್ಟ್ ನೋಡಬೇಕು. ಪ್ರತಿ ಸಲವೂ ಸರಿಯಾಗಿ ಒಂದೆರಡು ಸೆಕೆಂಡಿಗೆ, ಯಾರೋ ಕೀ ಆಫ್ ಮಾಡಿದ ಹಾಗೆ ನಿಂತು, ಡ್ಯಾಶ್‌ಬೋರ್ಡಿನಲ್ಲಿ ಕೀ ಗುರುತಿನ ಲೈಟು ಮಿಣುಕುತ್ತಿದ್ದರೆ ಅದು ಇಮೊಬಿಲೈಸರ್. ಕೀಯ ಒಳಗಿನ ಚಿಪ್ಪನ್ನು ಕಾರು ಗುರುತಿಸುತ್ತಿಲ್ಲ, ಇಂಜೆಕ್ಟರ್ ಬಂದ್ ಮಾಡುತ್ತಿದೆ. ಸ್ವಲ್ಪ ರೇಸ್ ಕೊಟ್ಟು ಹಿಡಿದರೆ ಎಷ್ಟು ಹೊತ್ತು ಬೇಕಾದರೂ ಓಡುತ್ತದೆ, ಕಾಲು ತೆಗೆದರೆ ಮಾತ್ರ ನಿಲ್ಲುತ್ತದೆ ಅಂತಾದರೆ ಗಾಳಿಯ ದಾರಿ ನೋಡಿ. ಐಡ್ಲಿಂಗಿನ ಗಾಳಿ ಬಿಡುವ ವಾಲ್ವಿನಲ್ಲಿ ಕಾರ್ಬನ್ ಕೂತಿರಬಹುದು, ವ್ಯಾಕ್ಯೂಮ್ ಪೈಪ್ ಒಡೆದಿರಬಹುದು. ನಮ್ಮ ಕಡೆ ತೋಟದ ಮನೆಗಳಲ್ಲಿ ಇಲಿ ಕಡಿದ ಪೈಪುಗಳು ಬೇಕಾದಷ್ಟು ಸಿಗುತ್ತವೆ.

ಮಾಷ್ಟ್ರ ಕಾರು ಇದ್ಯಾವುದರ ಹಾಗೂ ಇರಲಿಲ್ಲ. ಕೀ ಬಿಟ್ಟ ಮೇಲೂ ಓಡುತ್ತದೆ. ಲೈಟು ಮಿಣುಕುವುದಿಲ್ಲ. ಒಂದೇಟಿಗೆ ನಿಲ್ಲುವುದಿಲ್ಲ, ಸೊರಗಿ, ಮಿಸ್ಸಿಂಗ್ ಬಂದು, ನಡುಗಿ ನಿಲ್ಲುತ್ತದೆ. ರೇಸ್ ಕೊಟ್ಟರೆ ಬೇಗ ನಿಲ್ಲುತ್ತದೆ. ಇನ್ನೊಂದು ಸಂಗತಿ ಮಾಷ್ಟ್ರು ಹೇಳಿರಲಿಲ್ಲ, ಅಲ್ಲಿ ನಿಂತಾಗ ಗೊತ್ತಾಯಿತು: ನಿಂತ ಕೂಡಲೇ ಮತ್ತೆ ಸೆಲ್ಫ್ ಹೊಡೆದರೆ ಎರಡೇ ಸೆಕೆಂಡು ಓಡುತ್ತದೆ, ಆದರೆ ಚಹಾ ಕುಡಿದು ಬಂದು ಸ್ಟಾರ್ಟ್ ಮಾಡಿದರೆ ಮತ್ತೆ ಐದಾರು ಸೆಕೆಂಡು ಓಡುತ್ತದೆ. ಅಂದರೆ ಎಲ್ಲೋ ಏನೋ ಬಿಸಿಯಾಗುತ್ತಿದೆ, ತಣಿದರೆ ಸ್ವಲ್ಪ ಸುಧಾರಿಸುತ್ತಿದೆ. ಇಷ್ಟೆಲ್ಲ ಒಂದು ಸ್ಪಾನರ್ ಮುಟ್ಟದೆ ಸಿಕ್ಕ ಮಾಹಿತಿ.

ಕಾರಿನ ಕಂಪ್ಯೂಟರ್ ಬರೆದಿಟ್ಟ ತೊಂದರೆಯ ಕೋಡ್ ಓದುವ ಸ್ಕ್ಯಾನರ್ ಹಾಕಿದೆ. ಕೋಡ್ ಇಲ್ಲ. ಇದರಿಂದ ನಿರಾಶೆ ಆಗಬೇಕಾಗಿಲ್ಲ. ಇಂಥ ಸಣ್ಣ ಕಾರುಗಳಲ್ಲಿ ಪೆಟ್ರೋಲಿನ ಪ್ರೆಶರ್ ಅಳೆಯುವ ಸೆನ್ಸರೇ ಇರುವುದಿಲ್ಲ. ಪಂಪಿನ ರಿಲೇ (ಕರೆಂಟು ಹಾಯಿಸುವ ಸ್ವಿಚ್ಚು) ಆನ್ ಮಾಡುವುದಷ್ಟೇ ಇಸಿಯು, ಅಂದರೆ ಆ ಕಂಪ್ಯೂಟರಿನ ಕೆಲಸ. ಪೆಟ್ರೋಲ್ ನಿಜಕ್ಕೂ ಬಂತೋ ಇಲ್ಲವೋ ಅದಕ್ಕೆ ನೇರವಾಗಿ ತಿಳಿಯುವುದಿಲ್ಲ. ಆಕ್ಸಿಜನ್ ಸೆನ್ಸರ್ ನೋಡಿ ಮಿಶ್ರಣ ತಿದ್ದಬೇಕಾದರೂ ಅದು ಮೊದಲು ಬಿಸಿಯಾಗಬೇಕು. ಐದು ಸೆಕೆಂಡಿನಲ್ಲಿ ಅದೆಲ್ಲ ಆಗುವುದಿಲ್ಲ. ಕೋಡ್ ಇಲ್ಲ ಅಂದರೆ ತೊಂದರೆ ಇಲ್ಲ ಅಂತಲ್ಲ, ಆ ತೊಂದರೆ ನೋಡುವ ಕಣ್ಣು ಕಾರಿಗಿಲ್ಲ ಅಂತ.

ಮುಂದೆ ಪೆಟ್ರೋಲೋ ಸ್ಪಾರ್ಕೋ ಎಂದು ಬೇರೆ ಮಾಡಬೇಕು. ಏರ್ ಫಿಲ್ಟರಿನ ಪೈಪ್ ಸಡಿಲಿಸಿ, ಮಾಷ್ಟ್ರ ಮಗನಿಗೆ ಸ್ಟಾರ್ಟ್ ಮಾಡಲು ಹೇಳಿ, ಎಂಜಿನ್ ಸೊರಗಲು ಶುರುವಾದಾಗ ಥ್ರಾಟಲ್ ಬಾಡಿ ಕ್ಲೀನರ್ ಸ್ವಲ್ಪ ಸ್ವಲ್ಪ ಒಳಗೆ ಬಿಟ್ಟೆ. ಎಂಜಿನ್ ಚೇತರಿಸಿಕೊಂಡಿತು. ಬಿಡುತ್ತಾ ಇದ್ದಷ್ಟು ಹೊತ್ತು ಓಡಿತು, ನಿಲ್ಲಿಸಿದ ಕೂಡಲೇ ನಿಂತಿತು. ಅಲ್ಲಿಗೆ ಸ್ಪಾರ್ಕ್ ಸರಿ, ಕ್ರ್ಯಾಂಕ್ ಸೆನ್ಸರ್ ಸರಿ, ಕಂಪ್ರೆಶನ್ ಸರಿ. ಎಂಜಿನ್ನಿಗೆ ಬೇಕಾದಷ್ಟು ಪೆಟ್ರೋಲ್ ಸಿಗುತ್ತಿಲ್ಲ, ಅಷ್ಟೇ. ಇದನ್ನು ಮಾಡುವವರು ದಯವಿಟ್ಟು ಬಾಟಲಿಯಿಂದ ಪೆಟ್ರೋಲ್ ಸುರಿಯಬೇಡಿ. ಬ್ಯಾಕ್‌ಫೈರ್ ಆದರೆ ಮುಖಕ್ಕೇ ಬೆಂಕಿ ಬರುತ್ತದೆ. ಬಯಲಿನಲ್ಲಿ ಮಾಡಿ, ಬೆಂಕಿ ಆರಿಸುವ ಸಿಲಿಂಡರ್ ಕೈಗೆಟಕುವಂತೆ ಇಟ್ಟುಕೊಳ್ಳಿ, ತಲೆ ಪಕ್ಕಕ್ಕೆ ಇರಲಿ.

ಪಂಪಿನ ಫ್ಯೂಸ್ ತೆಗೆದು, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಲೈನಿನ ಪ್ರೆಶರ್ ಇಳಿಸಿದ ಮೇಲೆ ಗೇಜ್ ಜೋಡಿಸಿದೆ. ಈ ಕಾರಿನಲ್ಲಿ ಮೂರು ಬಾರ್ ಆಸುಪಾಸು ಇರಬೇಕು. ಫ್ಯೂಸ್ ಮತ್ತೆ ಹಾಕಿ ಕೀ ಆನ್ ಮಾಡಿದಾಗ ಪಂಪ್ ಸುಮಾರು ಎರಡು ಸೆಕೆಂಡು ಓಡಿ ಲೈನ್ ತುಂಬಿಸುತ್ತದೆ, ಹಿಂದಿನ ಸೀಟಿನ ಹತ್ತಿರ ಕಿವಿ ಕೊಟ್ಟರೆ ಕೇಳುತ್ತದೆ. ಇಲ್ಲಿ ಸದ್ದು ಕೇಳಿತು, ಆದರೆ ಗಡುಸಾಗಿ, ನಿಧಾನವಾಗಿ. ಮುಳ್ಳು ಎರಡರ ಮೇಲೆ ಸ್ವಲ್ಪ ಏರಿ ನಿಂತಿತು. ಸ್ಟಾರ್ಟ್ ಮಾಡಿದೆವು. ಎರಡರಿಂದ ಒಂದೂವರೆ, ಒಂದೂವರೆಯಿಂದ ಒಂದರ ಹತ್ತಿರ, ಎಂಜಿನ್ ಬಂದ್. ಮೊದಲು ತುಂಬಿಕೊಂಡ ಪ್ರೆಶರಿನಲ್ಲಿ ಸ್ಟಾರ್ಟ್ ಆಗುತ್ತದೆ, ಅದು ಮುಗಿದ ಮೇಲೆ ಪಂಪಿಗೆ ಎಂಜಿನ್ನಿನ ಹಸಿವು ತೀರಿಸಲು ಆಗುತ್ತಿಲ್ಲ. ರೇಸ್ ಕೊಟ್ಟರೆ ಬೇಗ ನಿಲ್ಲುವುದೂ ಇದಕ್ಕೇ.

ಇಲ್ಲಿಗೆ ಬಂದ ಎಲ್ಲರೂ 'ಪಂಪ್ ವೀಕ್' ಅಂದುಬಿಡುತ್ತಾರೆ. ಹಿಂದಿನವರು ಹಾಗೆ ಅಂದದ್ದೂ ಇದೇ ಜಾಗದಲ್ಲಿ. ಆದರೆ ಪ್ರೆಶರ್ ಕಮ್ಮಿ ಆಗಲು ಪಂಪ್ ಒಂದೇ ಕಾರಣ ಅಲ್ಲ. ಟ್ಯಾಂಕಿನೊಳಗಿನ ಜಾಲರಿ ಕಟ್ಟಿರಬಹುದು, ಪ್ರೆಶರ್ ರೆಗ್ಯುಲೇಟರ್ ಸೋರುತ್ತಿರಬಹುದು. ಮಳೆಗಾಲ ಬೇರೆ, ಪೆಟ್ರೋಲಿನಲ್ಲಿ ನೀರು ಸೇರಿದೆಯೋ ಎಂಬ ಸಂಶಯ ಬರುವುದೂ ಸಹಜ. ಈಗಿನ ಪೆಟ್ರೋಲಿನಲ್ಲಿ 20% ವರೆಗೆ ಎಥೆನಾಲ್ ಇರುತ್ತದೆ. ಎಥೆನಾಲ್ ಸ್ವಲ್ಪ ನೀರನ್ನು ತನ್ನೊಳಗೆ ಹಿಡಿದುಕೊಳ್ಳುತ್ತದೆ, ಮಿತಿ ಮೀರಿದರೆ ನೀರೂ ಎಥೆನಾಲೂ ಒಟ್ಟಿಗೆ ಬೇರೆಯಾಗಿ ಟ್ಯಾಂಕಿನ ತಳಕ್ಕೆ ಇಳಿಯುತ್ತವೆ, ಪಂಪ್ ಹೀರುವುದು ಆ ತಳದಿಂದಲೇ. ಗಾಜಿನ ಬಾಟಲಿಯಲ್ಲಿ ಸ್ವಲ್ಪ ಪೆಟ್ರೋಲ್ ತೆಗೆದು ಇಟ್ಟು ನೋಡಿದೆ. ಒಂದೇ ಪದರ, ತಿಳಿಯಾಗಿತ್ತು. ಅದು ಅಲ್ಲಿಗೆ ಮುಗಿಯಿತು.

ಜಾಲರಿ, ರೆಗ್ಯುಲೇಟರ್ ಬಿಚ್ಚುವ ಮೊದಲು ನೋಡಬೇಕಾದ್ದು ಕರೆಂಟು. ನಾನು ಜಾಸ್ತಿ ಹೊತ್ತು ಕಳೆದದ್ದು ಇಲ್ಲಿ, ನೀವೂ ನಿಧಾನವಾಗಿ ಓದಬೇಕಾದದ್ದು ಇದನ್ನೇ.

ಹಿಂದಿನ ಎಲೆಕ್ಟ್ರಿಷಿಯನ್ ಪಂಪಿನ ಕನೆಕ್ಟರ್ ಬಿಚ್ಚಿ, ಟೆಸ್ಟ್ ಲ್ಯಾಂಪಿನ ಒಂದು ತುದಿ ಪ್ಲಸ್ ಪಿನ್ನಿಗೆ, ಇನ್ನೊಂದು ತುದಿ ಬಾಗಿಲಿನ ಹತ್ತಿರ ಬಾಡಿಯ ಬೋಲ್ಟಿಗೆ ಹಿಡಿದಿದ್ದರಂತೆ. ಲ್ಯಾಂಪ್ ಚೆನ್ನಾಗಿ ಉರಿದಿದೆ. ಕರೆಂಟು ಬರುತ್ತಿದೆ, ಪಂಪ್ ಸರಿಯಾಗಿ ಓಡುತ್ತಿಲ್ಲ, ಹಾಗಾದರೆ ಪಂಪೇ ಹಾಳು ಎಂದು ತೀರ್ಮಾನ. ಲೆಕ್ಕ ಸರಿ ಇದ್ದ ಹಾಗೆ ಕಾಣುತ್ತದೆ. ಆದರೆ ಲ್ಯಾಂಪಿಗೆ ಅರ್ತ್ (ಕರೆಂಟು ಬ್ಯಾಟರಿಯ ಮೈನಸ್ಸಿಗೆ ವಾಪಸ್ ಹೋಗುವ ದಾರಿ) ಸಿಕ್ಕಿದ್ದು ಬಾಗಿಲಿನ ಬೋಲ್ಟಿನಿಂದ. ಪಂಪಿಗೆ ಅರ್ತ್ ಸಿಗುವುದು ಅದರದ್ದೇ ಕಪ್ಪು ವೈರಿನಿಂದ. ಆ ಕಪ್ಪು ವೈರು ಪರೀಕ್ಷೆಯೊಳಗೆ ಬರಲೇ ಇಲ್ಲ.

ನಾನು ಮೊದಲು ಕನೆಕ್ಟರ್ ಬಿಚ್ಚಿ ಮಲ್ಟಿಮೀಟರಿನ ಎರಡೂ ಕಡ್ಡಿ ಕನೆಕ್ಟರಿನ ಎರಡು ಪಿನ್ನಿಗೇ ಹಿಡಿದೆ. ಕೀ ಆನ್, 12.5 ವೋಲ್ಟ್. ಪೂರ್ತಿ ಇದೆ! ಇಲ್ಲಿಗೆ ನಿಲ್ಲಿಸಿದರೂ ಮೋಸ ಹೋಗುತ್ತೇವೆ. ನಮ್ಮ ತೋಟದ ಸ್ಪ್ರಿಂಕ್ಲರ್ ಲೈನ್ ನೆನಪಿಸಿಕೊಳ್ಳಿ. ಪೈಪಿನ ಒಳಗೆ ಕೆಸರು ಕಟ್ಟಿ ಬೆರಳು ಹೋಗುವಷ್ಟೇ ಜಾಗ ಉಳಿದಿದ್ದರೂ, ಕೊನೆಯ ಗೇಟ್‌ವಾಲ್ವ್ ಬಂದ್ ಇರುವಾಗ ಗೇಜಿನಲ್ಲಿ ಪೂರ್ತಿ ಪ್ರೆಶರ್ ತೋರಿಸುತ್ತದೆ. ವಾಲ್ವ್ ತೆರೆದು ನೀರು ಹರಿಯಲು ಬಿಟ್ಟಾಗ ಮಾತ್ರ ಅದು ಕುಸಿಯುವುದು ಕಾಣುತ್ತದೆ. ಮಲ್ಟಿಮೀಟರ್ ಎಳೆಯುವ ಕರೆಂಟು ಇಲ್ಲವೆಂಬಷ್ಟು ಕಡಿಮೆ. ವೈರಿನಲ್ಲಿ ಒಂದೇ ಎಳೆ ತಾಮ್ರ ಉಳಿದಿದ್ದರೂ ಅದಕ್ಕೆ ಪೂರ್ತಿ ವೋಲ್ಟ್ ಕಾಣುತ್ತದೆ. ಪಂಪ್ ಹಾಗಲ್ಲ, ಅದಕ್ಕೆ ಮೂರು ನಾಲ್ಕು ಆಂಪಿಯರ್ ಬೇಕು. ದಾರಿಯಲ್ಲಿ ಒಂದು ಓಮ್ ರೆಸಿಸ್ಟೆನ್ಸ್ ಇದ್ದರೂ ಮೂರು ನಾಲ್ಕು ವೋಲ್ಟ್ ಅಲ್ಲೇ ಖರ್ಚಾಗಿ ಹೋಗುತ್ತದೆ. ಓಮ್ ಮೀಟರ್ ಇಟ್ಟು ನೋಡಿದರೂ ಆ ಒಂದು ಓಮ್ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ, ಕಡ್ಡಿಯ ವೈರಿನದ್ದೇ ಸ್ವಲ್ಪ ತೋರಿಸುತ್ತದೆ, ಬೀಪ್ ಶಬ್ದ ಅಂತೂ ಬಂದೇ ಬರುತ್ತದೆ.

ಹಾಗಾಗಿ ಕನೆಕ್ಟರ್ ಮತ್ತೆ ಹಾಕಿ, ಅದರ ಹಿಂಬದಿಯಿಂದ ವೈರಿನ ಪಕ್ಕ ಸಪೂರದ ಪಿನ್ ತೂರಿಸಿ, ಎಂಜಿನ್ ಓಡುತ್ತಿರುವಾಗಲೇ ಅಳೆಯಬೇಕು. ಎಂಜಿನ್ ಓಡುವ ಆ ಐದಾರು ಸೆಕೆಂಡಿನಲ್ಲಿ ಒಂದೊಂದೇ ಅಳತೆ. ಪ್ರತಿ ಸಲ ತಣಿಯಲು ಬಿಟ್ಟು, ಮತ್ತೆ ಸ್ಟಾರ್ಟ್ ಮಾಡಿ, ಮುಂದಿನದು. ತಾಳ್ಮೆ ಬೇಕು. ಬ್ಯಾಟರಿಯಲ್ಲಿ 13.9 ವೋಲ್ಟ್, ಆಲ್ಟರ್ನೇಟರ್ ಚೆನ್ನಾಗಿದೆ. ಪಂಪಿನ ಎರಡು ಪಿನ್ನುಗಳ ನಡುವೆ 8.3. ಮಧ್ಯದಲ್ಲಿ ಐದೂವರೆ ವೋಲ್ಟಿಗಿಂತ ಜಾಸ್ತಿ ಎಲ್ಲಿಗೋ ಹೋಯಿತು.

ಎಲ್ಲಿಗೆ ಹೋಯಿತು ಎಂದು ನೋಡಲು ಎರಡು ಅಳತೆ ಸಾಕು. ಬ್ಯಾಟರಿಯ ಪ್ಲಸ್ಸಿನಿಂದ ಪಂಪಿನ ಪ್ಲಸ್ ಪಿನ್ನಿಗೆ ಒಂದು ಉದ್ದದ ವೈರ್ ಎಳೆದು ಮೀಟರ್ ಇಟ್ಟೆ: 0.4 ವೋಲ್ಟ್. ಫ್ಯೂಸು, ರಿಲೇ, ಅಷ್ಟು ಉದ್ದದ ವೈರು ಎಲ್ಲ ಸೇರಿ ಅಷ್ಟು ಖರ್ಚಾದರೆ ತಕರಾರಿಲ್ಲ. ಆಮೇಲೆ ಪಂಪಿನ ಮೈನಸ್ ಪಿನ್ನಿನಿಂದ ಬ್ಯಾಟರಿಯ ಮೈನಸ್ಸಿಗೆ: 5.2 ವೋಲ್ಟ್. ನೋಡುತ್ತಿರುವಾಗಲೇ 5.6 ಆಯಿತು, ಆರಕ್ಕೆ ಬಂತು, ಎಂಜಿನ್ ನಿಂತಿತು. ಅರ್ತ್ ಕಡೆ ಇದು ಸೊನ್ನೆಯ ಹತ್ತಿರ ಇರಬೇಕು, 0.2ರ ಮೇಲೆ ಹೋದರೆ ನಾನು ಬಿಡುವುದಿಲ್ಲ.

ಇಷ್ಟಾದ ಮೇಲೂ ನಾನು ಏನೂ ಬಿಚ್ಚಲಿಲ್ಲ. ದಪ್ಪದ ಒಂದು ಜಂಪರ್ ವೈರು ತೆಗೆದುಕೊಂಡು ಪಂಪಿನ ಮೈನಸ್ ಪಿನ್ನಿಗೂ ಬಾಡಿಯ ಒಳ್ಳೆಯ ಬೋಲ್ಟಿಗೂ ಜೋಡಿಸಿ ಸ್ಟಾರ್ಟ್ ಮಾಡಲು ಹೇಳಿದೆ. ಗೇಜಿನ ಮುಳ್ಳು ಸೀದಾ ಮೂರಕ್ಕೆ ಹೋಗಿ ಕೂತಿತು. ಎಂಜಿನ್ ನಿಲ್ಲಲಿಲ್ಲ. ರೇಸ್ ಕೊಟ್ಟರೂ ಮುಳ್ಳು ಅಲ್ಲಾಡಲಿಲ್ಲ. ಪಂಪಿನ ಸದ್ದೂ ತೆಳುವಾಗಿ, ಚುರುಕಾಗಿ ಬದಲಾಯಿತು. ಎಂಜಿನ್ ಆಫ್ ಮಾಡಿ, ಜಂಪರ್ ತೆಗೆದು ಮತ್ತೆ ಸ್ಟಾರ್ಟ್ ಮಾಡಿದರೆ ಅದೇ ಹಳೆಯ ಹಾಡು, ಕೆಲವೇ ಸೆಕೆಂಡಿನಲ್ಲಿ ಬಂದ್. ಮತ್ತೆ ಜೋಡಿಸಿದೆ, ಓಡಿತು. ಮಾಷ್ಟ್ರು ಪಕ್ಕದಲ್ಲೇ ಕೊಡೆ ಹಿಡಿದು ನಿಂತಿದ್ದರು. "ಹಾಗಾದರೆ ಪಂಪ್ ಸರಿ ಉಂಟಲ್ಲ!" ಎಂದರು. ಇಂಥ ಜಾಗದಲ್ಲಿ ಪೆಟ್ರೋಲಿನ ಆವಿ ಇರುತ್ತದೆ, ಹಾಗಾಗಿ ಜಂಪರ್ ಜೋಡಿಸುವುದು, ತೆಗೆಯುವುದು ಎರಡೂ ಕೀ ಆಫ್ ಇರುವಾಗಲೇ ಆಗಬೇಕು, ಕಿಡಿ ಹಾರಬಾರದು. ತೊಂದರೆಯನ್ನು ಬೇಕೆಂದಾಗ ತರಿಸಿ, ಬೇಕೆಂದಾಗ ಇಲ್ಲದ ಹಾಗೆ ಮಾಡಲು ಸಾಧ್ಯವಾದರೆ ಮಾತ್ರ ಕಾರಣ ಸಿಕ್ಕಿತು ಎಂದು ನಾನು ಒಪ್ಪುತ್ತೇನೆ. ಅದಿಲ್ಲದೆ ಗಿರಾಕಿಯ ಹತ್ತಿರ ದುಡ್ಡು ತೆಗೆದುಕೊಳ್ಳಲು ಮನಸ್ಸು ಬರುವುದಿಲ್ಲ.

ಈಗ ಕಪ್ಪು ವೈರು ಹಿಡಿದು ಹೋದೆ. ಹಿಂದಿನ ಸೀಟಿನ ಕೆಳಗಿಂದ ಎಡಬದಿಯ ಬಾಗಿಲಿನ ಪಟ್ಟಿಯ ಹತ್ತಿರ, ಮ್ಯಾಟಿನ ಅಡಿಯಲ್ಲಿ ಒಂದು ಬೋಲ್ಟಿಗೆ ಹೋಗಿ ಸೇರುತ್ತದೆ. ಮ್ಯಾಟು ಎತ್ತಿದರೆ ಕೆಳಗಿನ ಸ್ಪಂಜು ಹಿಂಡುವಷ್ಟು ಒದ್ದೆ. ಬೋಲ್ಟಿನ ಸುತ್ತ ಕಂದು ತುಕ್ಕು, ರಿಂಗ್ ಟರ್ಮಿನಲ್ ತುಂಬ ಹಸಿರು ಕಿಲುಬು. ಮುಟ್ಟಿದರೆ ಇನ್ನೂ ಬೆಚ್ಚಗಿತ್ತು. ವೈರಿನ ಕವಚ ಸ್ವಲ್ಪ ಸೀಳಿ ನೋಡಿದರೆ ಟರ್ಮಿನಲ್ಲಿನ ಕುತ್ತಿಗೆಯಲ್ಲಿ ತಾಮ್ರದ ಎಳೆಗಳು ಕಪ್ಪಾಗಿ ಪುಡಿಯಾಗಿವೆ, ನಾಲ್ಕೈದು ಎಳೆ ಮಾತ್ರ ಹಿಡಿದುಕೊಂಡಿವೆ. ಕರೆಂಟು ಹರಿದಾಗ ಅಲ್ಲೇ ಬಿಸಿ, ಬಿಸಿಯಾದ ಹಾಗೆ ರೆಸಿಸ್ಟೆನ್ಸ್ ಜಾಸ್ತಿ, ಪಂಪಿಗೆ ವೋಲ್ಟ್ ಇನ್ನೂ ಕಮ್ಮಿ. ಚಹಾ ಕುಡಿದು ಬಂದರೆ ಸುಧಾರಿಸುತ್ತಿದ್ದ ಗುಟ್ಟು ಅದು. ಪಂಪ್ ಬದಲಿಸುವಾಗ ವೈರು ಎಳೆದಾಡಿದ್ದರಿಂದ ಆ ಎಳೆಗಳು ಸ್ವಲ್ಪ ಒತ್ತಿಕೊಂಡು ಕೆಲವು ದಿನ ಕೆಲಸ ಮಾಡಿವೆ.

ನೀರು ಬಂದದ್ದು ಎಲ್ಲಿಂದ? ಇದನ್ನು ನೋಡದೆ ಬಿಟ್ಟರೆ ಮುಂದಿನ ಮಳೆಗಾಲಕ್ಕೆ ಅದೇ ಕೇಸ್ ವಾಪಸ್ ಬರುತ್ತದೆ. ಕಾರಿನ ಬಾಗಿಲಿನ ಗಾಜಿನ ಸಂದಿಯಲ್ಲಿ ಮಳೆ ನೀರು ಒಳಗೆ ಇಳಿಯುವುದು ಸಹಜ. ಅದು ಹೊರಗೆ ಹೋಗಲು ಬಾಗಿಲಿನ ಅಡಿಯಲ್ಲಿ ಸಣ್ಣ ತೂತುಗಳಿರುತ್ತವೆ. ಮಾಷ್ಟ್ರ ಕಾರು ನಿಲ್ಲುವುದು ಅಂಗಳದ ಬದಿಯಲ್ಲಿ, ಮರದ ಅಡಿ. ಎಲೆಯ ಚೂರು, ಕೆಂಪು ಮಣ್ಣು ಸೇರಿ ಎಡಬದಿಯ ಹಿಂದಿನ ಬಾಗಿಲಿನ ತೂತುಗಳು ಪೂರ್ತಿ ಕಟ್ಟಿದ್ದವು. ಕಡ್ಡಿ ತೂರಿಸಿದ ಕೂಡಲೇ ಒಂದು ಚೊಂಬಿನಷ್ಟು ನೀರು ಸುರಿಯಿತು. ಬಾಗಿಲಿನಲ್ಲಿ ನಿಂತ ನೀರು ಒಳಗಿನ ಪ್ಲಾಸ್ಟಿಕ್ ಹಾಳೆ ಬಿಟ್ಟ ಜಾಗದಿಂದ ಮ್ಯಾಟಿನ ಅಡಿಗೆ ಇಳಿಯುತ್ತಿತ್ತು.

ರಿಪೇರಿ ದೊಡ್ಡದಲ್ಲ. ಬ್ಯಾಟರಿಯ ಮೈನಸ್ ಬಿಚ್ಚಿಟ್ಟು, ಹೊಳೆಯುವ ತಾಮ್ರ ಸಿಗುವವರೆಗೆ ಕಪ್ಪು ವೈರನ್ನು ಕತ್ತರಿಸಿದೆ. ಹೊಸ ತುಂಡು ಜೋಡಿಸಿ, ಹೊಸ ರಿಂಗ್ ಟರ್ಮಿನಲ್ ಒತ್ತಿ, ಹೀಟ್ ಶ್ರಿಂಕ್ ಹಾಕಿದೆ. ಹಳೆಯ ಬೋಲ್ಟಿನ ಜಾಗ ಬಿಟ್ಟು ನೀರು ಮುಟ್ಟದ ಸ್ವಲ್ಪ ಎತ್ತರದ ಬೋಲ್ಟಿನಲ್ಲಿ, ಪೇಂಟ್ ಕೆರೆದು ಬಿಳಿ ಕಬ್ಬಿಣ ಕಾಣಿಸಿ, ಬಿಗಿ ಮಾಡಿ, ಮೇಲಿಂದ ವ್ಯಾಸಲಿನ್ ಬಳಿದೆ. ಪೇಂಟಿನ ಮೇಲೆ ಟರ್ಮಿನಲ್ ಇಟ್ಟು ಬಿಗಿ ಮಾಡುವವರಿದ್ದಾರೆ, ಹಾಗೆ ಮಾಡಬೇಡಿ. ಹಳೆಯ ಜಾಗದ ತುಕ್ಕು ಉಜ್ಜಿ ಪ್ರೈಮರ್ ಹೊಡೆದಾಯಿತು. ಮ್ಯಾಟನ್ನು ಮಾಷ್ಟ್ರು ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಮಾಡಿನ ಅಡಿಯಲ್ಲಿ ಹರಡಿದರು. ಆಟಿಯಲ್ಲಿ ಬೇರೆ ಎಲ್ಲಿ ಒಣಗೀತು.

ಸರಿ ಮಾಡಿದ ಮೇಲೆ ಮತ್ತೆ ಅದೇ ಅಳತೆಗಳು. ಅರ್ತ್ ಕಡೆ 0.05 ವೋಲ್ಟ್. ಪಂಪಿಗೆ ಸಿಗುವುದು 13.4. ಪ್ರೆಶರ್ ಮೂರು. ಗೇಜ್ ತೆಗೆದು, ಜೋಡಿಸಿದ ಕಡೆ ಪೆಟ್ರೋಲ್ ಸೋರುತ್ತಿಲ್ಲವೆಂದು ನೋಡಿ, ಪೆರ್ಲದಿಂದ ಅಡ್ಯನಡ್ಕದ ಕಡೆಗೆ ಏರು ದಾರಿಯಲ್ಲಿ ಎ.ಸಿ. ಹಾಕಿಕೊಂಡು ಓಡಿಸಿದೆವು. ಎಲ್ಲೂ ನಿಲ್ಲಲಿಲ್ಲ. ಸಾಮಾನಿನ ಖರ್ಚು ನೂರು ರೂಪಾಯಿಯೂ ಆಗಿರಲಿಲ್ಲ.

ಮೊದಲು ತೆಗೆದ ಪಂಪ್ ಮಾಷ್ಟ್ರ ಮನೆಯಲ್ಲಿ ಪೆಟ್ಟಿಗೆಯೊಳಗೆ ಇತ್ತು. ಅದು ಹಾಳಾಗಿರಲಿಕ್ಕಿಲ್ಲ ಎಂದು ನನ್ನ ಅಭಿಪ್ರಾಯ, ಎಸೆಯಬೇಡಿ ಎಂದು ಹೇಳಿದ್ದೇನೆ. ಅದನ್ನು ಹೊರಗೆ ಬ್ಯಾಟರಿಗೆ ಕೊಟ್ಟು ಓಡಿಸಿ ನೋಡುವ ಆಸೆ ಕೆಲವರಿಗೆ ಇರುತ್ತದೆ. ಮಾಡಬೇಡಿ. ಪೆಟ್ರೋಲ್ ಇಲ್ಲದೆ ಓಡಿಸಿದರೆ ಪಂಪ್ ಹಾಳಾಗುತ್ತದೆ, ಪೆಟ್ರೋಲಿನಲ್ಲಿ ಮುಳುಗಿಸಿ ಹೊರಗೆ ಓಡಿಸಿದರೆ ಬೆಂಕಿ ಹಿಡಿಯಬಹುದು.

ನಿಮ್ಮ ಕಾರಿನಲ್ಲಿ ಇದೇ ಲಕ್ಷಣ ಇದ್ದು, ಅಳೆದಾಗ ವೋಲ್ಟ್ ಕಳೆದುಹೋಗುವುದು ಪ್ಲಸ್ ಕಡೆ ಎಂದು ಗೊತ್ತಾದರೆ ಹುಡುಕುವ ಜಾಗ ಬೇರೆ. ಮೊದಲು ಪಂಪಿನ ರಿಲೇ. ಅದೇ ನಮೂನೆಯ ಹಾರ್ನ್ ರಿಲೇ ಇದ್ದರೆ ಅದಲು ಬದಲು ಮಾಡಿ ನೋಡಬಹುದು. ಆಮೇಲೆ ಫ್ಯೂಸ್ ಕೂರುವ ಕಾಲುಗಳು. ಫ್ಯೂಸ್ ಸರಿ ಇದ್ದರೂ ಕಾಲು ಸಡಿಲಾಗಿ ಪ್ಲಾಸ್ಟಿಕ್ ಕಂದಾಗಿರುತ್ತದೆ. ಆಮೇಲೆ ಟ್ಯಾಂಕಿನ ಮೇಲಿನ ಕನೆಕ್ಟರಿನ ಪಿನ್ನುಗಳು, ಕರಗಿದ ಗುರುತು ಇದೆಯೋ ನೋಡಿ. ಈ ಪರೀಕ್ಷೆಗಳ ನಡುವೆ ಫ್ಯೂಸ್ ಹಾರಿದರೆ ಅದೇ ಆಂಪಿಯರಿನದ್ದನ್ನೇ ಹಾಕಿ. 15ರ ಜಾಗಕ್ಕೆ 20 ಅಥವಾ ಬೆಳ್ಳಿ ಕಾಗದ ಹಾಕಿದರೆ ಮುಂದೆ ಬಿಸಿಯಾಗುವುದು ಸೀಟಿನ ಅಡಿಯ ವೈರು, ಅದರ ಪಕ್ಕದಲ್ಲೇ ಟ್ಯಾಂಕ್ ಇದೆ.